ಹೆಚ್ಚು ತೂಗಿದ ಹಾಯಿದೋಣಿ

ದೋಣಿ ಇರಬೇಕಾದ್ದಕ್ಕಿಂತ ಮುನ್ನೂರು ಕಿಲೋಗೂ ಮೀರಿ ಹೆಚ್ಚು ತೂಗಿತು.

ಮೂಗಿಗೆ ಒತ್ತಿಕೊಂಡಿದ್ದ ಕರ್ಚೀಫು ತೆಗೆಯದೆಯೇ ಸುಕೃತಿ ವೇ ಬ್ರಿಡ್ಜಿನ ಕಿಟಕಿಯೊಳಗೆ ಮತ್ತೊಮ್ಮೆ ಬಗ್ಗಿ ನೋಡಿದಳು. ಕೆಂಪು ಅಂಕಿಗಳು ಅಲುಗಲಿಲ್ಲ. "ಟ್ರೇಲರ್ ತೂಕ ಕಳೆದಿದ್ದೀರಾ?"

"ಕಳ್ದೇ ಏಳ್ತಿರೋದು ಅಕ್ಕಾ," ಎಂದ ತೂಕದ ಕಾಡಪ್ಪ. "ಜಲ್ಲಿ ಲಾರಿ ತೂಗೋ ಜಾಗದಾಗೆ ದೋಣಿ ತೂಗಿಸ್ಬುಟ್ರಿ. ನಾಳೀಕೆ ಆನೆ ಬತ್ತದೇನೋ."

ವೈಟ್‌ಫೀಲ್ಡ್‌ನ ಕಂಪನಿಯೊಂದರಲ್ಲಿದ್ದ ಸುಕೃತಿಗೆ ಹಾಯಿದೋಣಿಯ ಹುಚ್ಚು. ರಜೆ ಸಿಕ್ಕಾಗಲೆಲ್ಲ ಮಂಗಳೂರಿಗೆ ಓಡಿ ಹಾಯಿ ಬಿಡಿಸುವುದನ್ನು ಕಲಿತಿದ್ದಳು. ಮಳೆಗಾಲ ಕಳೆದ ಮೇಲೆ ಮಗಳನ್ನು ಕೂರಿಸಿಕೊಂಡು ಸ್ವಂತ ದೋಣಿಯಲ್ಲಿ ಕಡಲಿಗಿಳಿಯಬೇಕು ಎಂಬುದೊಂದೇ ಧ್ಯಾನ. ಅಷ್ಟರಲ್ಲಿ ಬೊಮ್ಮಸಂದ್ರದ ಗುಜರಿ ಯಾರ್ಡೊಂದರಲ್ಲಿ ಮರದ ಹಾಯಿದೋಣಿ ಬಿದ್ದಿದೆ ಎಂಬ ಸುದ್ದಿ ಬಂತು. ಯಾವನೋ ಕಾರ್ಖಾನೆ ಮಾಲೀಕ ಶೋಕಿಗೆ ತರಿಸಿ, ದಿವಾಳಿಯೆದ್ದು ಬಿಟ್ಟುಹೋದದ್ದು. ಯಾರ್ಡಿನ ನಲ್ಲಪ್ಪ ಮಾರಲು ತುದಿಗಾಲಲ್ಲಿದ್ದ. ಬಂದರಿನಲ್ಲಿ ನೋಂದಣಿ ಆಗಬೇಕಾದರೆ ದೋಣಿಯ ಟನ್ನೇಜೂ ಬೇಕು, ಡಿಸ್‌ಪ್ಲೇಸ್‌ಮೆಂಟೂ ಬೇಕು. ಅವು ಸಿಗದಿದ್ದರೆ ದೋಣಿ ನೀರಿಗಿಳಿಯುವ ಹಾಗಿಲ್ಲ. ಸುಳ್ಳು ಲೆಕ್ಕದ ಮೇಲೆ ಇಳಿದರೆ ಮುಳುಗುವುದು ದೋಣಿಯೊಂದೇ ಅಲ್ಲ, ಮಗಳೂ.

ಅದಕ್ಕೇ ಈ ಭಾನುವಾರ ಬೆಳಿಗ್ಗೆ ಹೇಳದೆ ಕೇಳದೆ ಟೇಪು ಹಿಡಿದು ಬಂದಿದ್ದಳು. ಬಂದಾಗ ನಲ್ಲಪ್ಪ ದೋಣಿಗೆ ಆನಿಸಿದ್ದ ಏಣಿಯಿಂದ ಏದುಸಿರು ಬಿಡುತ್ತ ಇಳಿಯುತ್ತಿದ್ದ. ಕ್ಯಾಬಿನ್ನಿನ ಬಾಗಿಲಿಗೆ ಫಳಫಳ ಹೊಳೆಯುವ ಬೀಗ.

"ಕೀ ಕಳ್ದೋಗಿದೆ ಮೇಡಂ. ನಾಳೆ ಬನ್ನಿ."

"ಒಳಗೆ ಇಳಿದು ಅಳೀದೆ ಟನ್ನೇಜ್ ಹೇಗ್ರೀ ಗೊತ್ತಾಗುತ್ತೆ?"

"ಎದುರುಗಡೇನೇ ವೇ ಬ್ರಿಡ್ಜ್ ಇದ್ಯಲ್ಲಾ! ತೂಗಿದ್ರೆ ಟನ್ನು ತಾನೇ ಬರುತ್ತೆ."

"ಟನ್ನೇಜ್ ಅಂದ್ರೆ ತೂಕ ಅಲ್ಲ ನಲ್ಲಪ್ಪನವ್ರೇ. ಒಳಗೆ ಮುಚ್ಚಿದ ಜಾಗ ಎಷ್ಟಿದೆ ಅನ್ನೋ ಲೆಕ್ಕ. ತೂಕ ಬೇಕಾಗೋದು ಡಿಸ್‌ಪ್ಲೇಸ್‌ಮೆಂಟಿಗೆ. ದೋಣಿ ಎಷ್ಟು ತೂಗುತ್ತೋ ಅಷ್ಟೇ ತೂಕದ ನೀರನ್ನ ಪಕ್ಕಕ್ಕೆ ತಳ್ಳಿ ತೇಲುತ್ತೆ."

"ಹಂಗಾದ್ರೆ ಜಾಗ ಅಳಿಯೋದು ದಂಡ ಬಿಡಿ. ಒಳಗೆ ಒಂದು ಬೆಕ್ಕು ಮಲ್ಗೋಕೂ ಜಾಗ ಇಲ್ಲ."

"ಹೋದ ವಾರ ಆರು ಜನ ಆರಾಮಾಗಿ ಮಲಗ್ತಾರೆ ಅಂದಿದ್ರಿ?"

ನಲ್ಲಪ್ಪ ಎಲೆಯಡಿಕೆ ಪಿಚಕ್ಕನೆ ಉಗಿದ. "ಯಾಪಾರಕ್ಕೆ ಅಂದಿದ್ದು ಮೇಡಂ."

ಆ ಉಗುಳು ಅವಳ ಚಪ್ಪಲಿಯ ಪಕ್ಕದಲ್ಲೇ ಬಿತ್ತು. ಅವಳಿಗೆ ಅಸಹ್ಯವಾಯಿತು. ಬಂದದ್ದಕ್ಕೆ ತೂಕವಾದರೂ ಆಗಲಿ ಎಂದು ಟ್ರ್ಯಾಕ್ಟರು ಕಟ್ಟಿಸಿ ದೋಣಿಯನ್ನು ರಸ್ತೆ ದಾಟಿಸಿದಳು. ದಾರಿಯುದ್ದಕ್ಕೂ ನಲ್ಲಪ್ಪ ಡ್ರೈವರಿಗೆ, "ನಿಧಾನ ಕಣೋ! ಕುಲುಕ್ಬೇಡ್ವೋ!" ಎಂದು ಬಡಕೊಂಡ. ಬಿಸಿಲಲ್ಲಿ ವರ್ಷಗಟ್ಟಲೆ ಕೊಳೆಹಾಕಿದ ಗುಜರಿಯ ಮೇಲೆ ಇವನಿಗೆ ಅದೇನು ಪ್ರೀತಿಯೋ.

ಈಗ ಈ ತೂಕ. ದೋಣಿಯ ಹಿಂಬದಿಯ ಹಿತ್ತಾಳೆ ತಗಡಿನ ಮೇಲೆ ಕಟ್ಟಿದವರೇ ಕೊರೆದಿದ್ದ ತೂಕಕ್ಕಿಂತ ಇಷ್ಟೊಂದು ಜಾಸ್ತಿ.

"ಲಾರಿ ಮಿಷನ್ನು ಮೇಡಂ, ನೂರಿನ್ನೂರು ಆಚೀಚೆ ತೋರ್ಸುತ್ತೆ," ಎಂದ ನಲ್ಲಪ್ಪ.

"ನನ್ ಮಿಷನ್ನಿಗೆ ಯಾಕೆ ಅಂತೀಯ? ನಿನ್ ದೋಣಿಗೇ ಒಟ್ಟೆ ಬಂದದೆ," ಎಂದು ಕಾಡಪ್ಪ ಒಳಗಿನಿಂದ ರೇಗಿದ.

ಸುಕೃತಿ ದೋಣಿಯ ಅಡಿಗೆ ಬಗ್ಗಿದಳು. ತಳದ ಸಣ್ಣ ಕಂಡಿಯಿಂದ ಬೂದು ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು. ಮೇಲೆ ನೊರೆ ಬೇರೆ. ಜೊತೆಗೆ ನಾತ. ಬೆವರು, ಸೀಮೆಎಣ್ಣೆ, ಒಣಗದ ಬಟ್ಟೆಯ ಕಮಟು ಎಲ್ಲ ಒಂದಾಗಿ ಹುದುಗು ಬಂದ ಹಾಗೆ.

"ಮಳೆ ನೀರು," ಎಂದ ನಲ್ಲಪ್ಪ.

"ಎಲ್ಲಿಯ ಮಳೆ? ನೆಲ ಬಿರುಕು ಬಿಟ್ಟಿದೆ ನೋಡಿ."

ಅವಳಿಗೆ ಎಲ್ಲ ಅರ್ಥವಾಯಿತು. ಆ ವರ್ಷ ಊರಿನ ಕೆರೆಗಳ ನೊರೆ ಉಕ್ಕಿ ರಸ್ತೆಗೇ ಬರುತ್ತಿತ್ತು. ಈ ಮನುಷ್ಯ ದೋಣಿಯನ್ನು ಅಂಥದ್ದೊಂದು ಕೊಚ್ಚೆಯಲ್ಲಿ ತೇಲಿಸಿ, ಟಿಕೆಟ್ಟು ಹರಿದು ಕಾಸು ಮಾಡಿದ್ದಾನೆ. ಮರ ಕೊಳಚೆ ಕುಡಿದು ಕುಡಿದು ಒಳಗೇ ಕೊಳೆತಿದೆ. ಇಂಥ ಹೆಣದಲ್ಲಿ ಮಗಳನ್ನು ಕೂರಿಸಿಕೊಂಡು ಕಡಲಿಗೆ ಹೋಗಬೇಕಿತ್ತು ಅವಳು. ಎಂಥ ಹೊಲಸು ಮನುಷ್ಯ!

"ಕಾಡಪ್ಪಣ್ಣ, ಪಕ್ಕದ ವರ್ಕ್‌ಶಾಪಲ್ಲಿ ಡ್ರಿಲ್ಲಿಂಗ್ ಮಿಷನ್ ಇದ್ಯಾ? ಒಂದು ತೂತು ಕೊರೆದ್ರೆ ಕುಡಿದಿರೋ ನೀರೆಲ್ಲಾ ಈಚೆ ಬರುತ್ತೆ."

ಕಾಡಪ್ಪ ಮಿಷನ್ನಿನ ಜೊತೆ ಒಂದು ಸಲಾಕೆಯನ್ನೂ ತಂದ. ಸೊಂಟದೆತ್ತರದ ಹಲಗೆಗೆ ಮೊನೆ ಒತ್ತಿ ಇನ್ನೇನು ಗುಂಡಿ ಅದುಮಬೇಕು, ನಲ್ಲಪ್ಪ ಹಾರಿ ಬಂದು ತನ್ನ ಅಂಗೈಯನ್ನೇ ಅಡ್ಡ ಇಟ್ಟ. ಮುಖ ಸುಣ್ಣದಂತಾಗಿತ್ತು.

"ಬೇಡಿ ಮೇಡಂ! ಒಳಗೆ..."

"ಒಳಗೆ ಏನು?"

"ವೈರಿಂಗ್ ಇದೆ."

"ಕೊಳೆತಿರೋದು ಕಣ್ಣಿಗೆ ಬೀಳುತ್ತೆ ಅಂತ ಭಯ, ಅಲ್ವಾ? ನಾಚಿಕೆ ಆಗಲ್ವೇನ್ರೀ ನಿಮಗೆ? ಕೈ ತೆಗೀರಿ." ಅವನು ತೆಗೆಯಲಿಲ್ಲ. ಅವಳು ಮಿಷನ್ನು ಕೆಳಗಿಟ್ಟು ಕಾಡಪ್ಪನ ಕೈಯಿಂದ ಸಲಾಕೆ ಕಿತ್ತುಕೊಂಡು ಟ್ರೇಲರಿನ ಮೇಲಿಂದ ದೋಣಿ ಹತ್ತಿದಳು.

ಬೀಗ ಕಿತ್ತುಬಂತು. ಕೊಳೆತ ಹಲಗೆ, ಹುಳು, ಸತ್ತ ಇಲಿ, ಏನಿದ್ದರೂ ನೋಡಿಯೇ ಬಿಡುವುದೆಂದು ಮನಸ್ಸು ಗಟ್ಟಿಮಾಡಿಕೊಂಡು ಅವಳು ಬಾಗಿಲು ಸರಿಸಿದಳು. ಒಲೆಯ ಬಾಯಿಯ ಹಾಗೆ ಬಿಸಿ ಹಬೆ ಮುಖಕ್ಕೆ ಹೊಡೆಯಿತು.

ರಾತ್ರಿ ಪಾಳಿಯ ಸಮವಸ್ತ್ರದಲ್ಲೇ ಹಲಗೆಗೆ ಬೆನ್ನು ಒತ್ತಿ ಮುದುಡಿ ಕೂತಿದ್ದ ಐದು ಹೆಂಗಸರಲ್ಲಿ ಒಬ್ಬಳು, ಮಡಿಲ ಮಗುವಿನ ಬಾಯಿಗೆ ಅದುಮಿದ್ದ ಕೈ ತೆಗೆಯದೆ ಪಿಸುಗುಟ್ಟಿದಳು: "ಅಲ್ಲಾಡಿದ್ರ ಈ ರೂಮ್ ಖಾಲಿ ಮಾಡಸ್ತೀನಿ ಅಂದಾರ್ರೀ ಮಾಲಕ್ರು... ತೂಕ ಮಾಡೂದು ಮುಗೀತೇನ್ರಿ ಅಕ್ಕಾರ? ನಾವಿನ್ನ ಉಸುರು ಬಿಡಬಹುದೇನ್ರಿ?"