ನೀಲಿಯಲ್ಲೂ ಒಂದು ಚುಕ್ಕಿ

ಬೆಟ್ಟದ ಮೇಲಿನ ಖಗೋಳ ವೀಕ್ಷಣಾಲಯದಿಂದ ಬಂದ ಬಸ್ಸಿಳಿದು ಯಸ್ನಾ ಕಡಲತೀರದ ತನ್ನೂರು ಕೊಕಿಂಬೊದ ಏರುಬೀದಿ ಹತ್ತಿ ಬರುವಷ್ಟರಲ್ಲಿ ಮನೆಯಂಗಳದ ತುಂಬ ಜನ. ಮಣ್ಣಿನ ಬಟ್ಟಲುಗಳಲ್ಲಿ ಹಸಿ ಮೆಕ್ಕೆಜೋಳ ರುಬ್ಬಿ ಬೇಯಿಸಿದ ಪಾಸ್ತೆಲ್ ಹಬೆಯಾಡುತ್ತಿತ್ತು. ಪಕ್ಕದ ಮನೆಯ ಮೀನುಗಾರ ನಿಬಾಲ್ದೊ, ದೋಣಿಗೆ ಬಳಿದು ಉಳಿದ ಬಣ್ಣದಲ್ಲಿ ಹಳೆಯ ಹಾಯಿಬಟ್ಟೆಯ ಮೇಲೆ ಬರೆದು ಬಾಗಿಲಿಗೆ ಕಟ್ಟಿದ್ದ: ‘ಬಲುದೂರದ ಗ್ಯಾಲಕ್ಸಿ ಕಂಡ ನಮ್ಮ ಯಸ್ನಾ.’

ಯಸ್ನಾ ಯಾರಿಗೂ ಮುಖ ಕೊಡದೆ ನೇರ ಅಡುಗೆಮನೆಗೆ ಹೋದಳು. ತಾಯಿ ಹೆರ್ಮಿಂದಾ ಈರುಳ್ಳಿ ಹೆಚ್ಚುತ್ತಿದ್ದಳು.

“ಅಮ್ಮಾ, ಯಾಕಿಷ್ಟು ಜನಾನ ಕರೆದೆ?”

“ಫೋನಲ್ಲಿ ಅಷ್ಟು ಕುಣಿದೋಳು ನೀನೇ ಅಲ್ವಾ? ಮೀನು ಮಾರ್ಕೆಟ್ಟಲ್ಲಿ ಒಬ್ಬಳಿಗೆ ಹೇಳಿದೆ, ಅಷ್ಟೇ. ಊರಿಗೇ ಗೊತ್ತಾಯ್ತು.”

“ಅದು ಅಷ್ಟು ದೂರದ್ದಲ್ಲಮ್ಮ. ನಿನ್ನೆ ಗೊತ್ತಾಯ್ತು.”

ಚಾಕು ನಿಂತಿತು. ಐಸು ಕೇಳಲು ಬಂದಿದ್ದ ನಿಬಾಲ್ದೊ ಕೂಡ ಬಾಗಿಲಲ್ಲೇ ನಿಂತ.

“ಗ್ಯಾಲಕ್ಸಿಗಳ ನಡುವೆ ಖಾಲಿ ಇಲ್ಲ,” ಎಂದಳು ಯಸ್ನಾ. “ತೆಳ್ಳಗೆ ಹೈಡ್ರೋಜನ್ ಅನಿಲ ಹರಡ್ಕೊಂಡಿದೆ. ತುಂಬ ದೂರದಿಂದ ಬರೋ ಬೆಳಕಲ್ಲಿ ನೀಲಿ ಪಾಲನ್ನ ಅದು ನುಂಗಿಬಿಡುತ್ತೆ. ಕೆಂಪು ಮಾತ್ರ ನಮ್ಮನ್ನ ಮುಟ್ಟುತ್ತೆ. ನಾನು ಕಂಡಿದ್ದು ಕೆಂಪು ಬೆಳಕಲ್ಲಿ ತೆಗೆದ ಚಿತ್ರದಲ್ಲಿತ್ತು, ನೀಲಿಯಲ್ಲಿ ಇರಲಿಲ್ಲ. ಅದಕ್ಕೇ ಬಲುದೂರದ್ದು ಅಂದ್ಕೊಂಡೆ. ಇನ್ನೂ ಹೆಚ್ಚು ಹೊತ್ತು ಬೆಳಕು ಹಿಡಿದು ನೋಡಿದರೆ ನೀಲಿಯಲ್ಲೂ ಒಂದು ಚುಕ್ಕಿ.”

“ಕಡಲ ಮಂಜಿನ ಹಾಗೆ ಅನ್ನು,” ಎಂದ ನಿಬಾಲ್ದೊ. “ಆ ಮಂಜಲ್ಲಿ ದೋಣಿ ಕಂಡರೆ ದಡದ ಹತ್ತಿರಾನೇ ಇದೆ ಅಂತ.”

“ಹೂಂ, ಮಾಮ. ಹಾಗೇ.”

“ತಪ್ಪು ಹಿಡಿದಿದ್ದು ಯಾರು?” ಹೆರ್ಮಿಂದಾ ಕೇಳಿದಳು.

“ನಾನೇ. ಬೇರೆ ಯಾರೂ ಇನ್ನೂ ನೋಡಿಲ್ಲ.”

“ಹಾಗಾದ್ರೆ ಒಂದನ್ನೇ ಎರಡು ಸಲ ಕಂಡುಹಿಡಿದಿದ್ದೀಯ. ಹೋಗು, ಹೊರಗಿರೋರಿಗೂ ನೀನೇ ಹೇಳು. ಮಾಡಿದ ಅಡುಗೆ ಅಂತೂ ವಾಪಸ್ ಹೋಗಲ್ಲ.” ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡು, “ಈರುಳ್ಳಿ ಬಲು ಖಾರ,” ಎಂದಳು.

ಯಸ್ನಾ ಅಂಗಳದ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಹೇಳಿದಳು. ಆಮೇಲೆ ಹಿಂದಿನ ಮೇಜಿನಿಂದ ಒಬ್ಬಾಕೆ, “ಅಂದ್ರೆ ಊಟಕ್ಕೇನೂ ತೊಂದ್ರೆ ಇಲ್ಲ ತಾನೆ?” ಎಂದು ಕೇಳಿದಳು. ನಗು ಬೀದಿಯ ಕೆಳತುದಿವರೆಗೂ ಉರುಳಿತು. ಯಾರೋ ಯಸ್ನಾಳ ಕೈಗೆ ವೈನ್ ಲೋಟ ಕೊಟ್ಟರು. ನಿನ್ನೆಯಿಂದ ಊಟ ಸೇರದವಳು ಬಟ್ಟಲಿನ ತಳ ಕೆರೆದು ತಿಂದಳು.

ನಿಬಾಲ್ದೊ ಅವಳ ಪಕ್ಕ ಬಂದು ಕೂತ. “ಹತ್ತಿರ ಅಂದ್ಯಲ್ಲ, ಎಷ್ಟು ಹತ್ತಿರ?”

“ಮೊದಲು ಸಾವಿರದ ಮುನ್ನೂರು ಕೋಟಿ ವರ್ಷದ ಹಿಂದೆ ಹೊರಟ ಬೆಳಕು ಅಂದ್ಕೊಂಡಿದ್ದೆ. ಈಗ ನೋಡಿದರೆ ಒಂಬೈನೂರು ಕೋಟಿ.”

ಅವನು ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

“ಒಂಬೈನೂರು ಕೋಟಿ ವರ್ಷ ದಾರಿ ನಡೆದು ಬಂದ ಬೆಳಕಿಗೆ ‘ನೀನು ಹತ್ತಿರದೋನು ಬಿಡು’ ಅಂದ್ರೆ, ಪಾಪ, ಅದಕ್ಕೆ ಬೇಜಾರಾಗಲ್ವೇನೇ ಮರಿ?”