ಹತ್ತು ಲಕ್ಷ ಸಲ ಬಾಗಿದ್ದು

"ಮುರೀತಾ?" ಪ್ರಯೋಗಾಲಯದ ಬಾಗಿಲಲ್ಲೇ ನಿಂತು ಮೇಡಂ ಕೇಳಿದರು.

"ಇನ್ನೂ ಇಲ್ಲ ಮೇಡಂ," ಎಂದ ತಂತ್ರಜ್ಞ, ಬೆನ್ನು ಕೆರೆದುಕೊಳ್ಳುತ್ತಾ.

ಯಂತ್ರ ಸೆಕೆಂಡಿಗೊಮ್ಮೆ ಬಿಳಿ ಪಟ್ಟಿಯನ್ನು ಬಾಗಿಸುತ್ತಿತ್ತು, ಬಿಡುತ್ತಿತ್ತು. ಹನ್ನೆರಡು ದಿನಗಳಿಂದ ಅದಕ್ಕೆ ಅದೇ ಕೆಲಸ. ಗಾಜಿನ ಎಳೆಗಳನ್ನು ಅಂಟಿನಲ್ಲಿ ಅದ್ದಿ ಪಟ್ಟಿ ಮಾಡುವುದು ಇವನ ಕಸುಬು. ಹಿಂದಿನ ಮೂರೂ ಪಟ್ಟಿಗಳು ಐದು ಲಕ್ಷ ಸಲ ಬಾಗುವ ಮೊದಲೇ ದಣಿದು ಮುರಿದಿದ್ದವು. ಈ ಸಲವೂ ಹತ್ತು ಲಕ್ಷ ಮುಟ್ಟದಿದ್ದರೆ ಅವನನ್ನು ಉಗ್ರಾಣಕ್ಕೆ ಹಾಕುವುದಾಗಿ ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಉಗ್ರಾಣವೆಂದರೆ ಧೂಳು, ಇಲಿ, ದಿನವಿಡೀ ಮೊಳೆ ಎಣಿಸುವುದು.

ಬಿರುಕು ಕಾಣಲೆಂದು ಪಟ್ಟಿಗೆ ಬಿಳಿ ಬಣ್ಣ ಬಳಿಯುವುದು ಅಲ್ಲಿನ ಪದ್ಧತಿ. ಇವನೋ ತೊಟ್ಟು ಬಣ್ಣವನ್ನೂ ಹಾಳುಮಾಡದ ಕಡುಜಿಪುಣ. ಉಳಿದದ್ದನ್ನು ಸ್ಟೂಲಿಗೆ, ಕಸದ ಡಬ್ಬಿಗೆ, ಕೊನೆಗೆ ಬೆನ್ನು ಕೆರೆಯುವ ಬಿದಿರುಕಡ್ಡಿಗೂ ಬಳಿದಿದ್ದ. ಅದೇ ಗಡಿಬಿಡಿಯಲ್ಲಿ ತನ್ನ ಕನ್ನಡಕದ ಮೇಲೆ ತಾನೇ ಕೂತುಬಿಟ್ಟಿದ್ದ. ಅಂದಿನಿಂದ ಲೋಕವೆಲ್ಲ ಮಂಜು ಮಂಜು. ಪಟ್ಟಿಯನ್ನು ಯಂತ್ರದ ದವಡೆಗೆ ಬಿಗಿದದ್ದೂ ತಡಕಾಡಿಕೊಂಡೇ.

ಸಾಲದ್ದಕ್ಕೆ ಈ ತುರಿಕೆ. ಬಿಳಿ ಕಡ್ಡಿಯಿಂದ ಕೆರೆದಷ್ಟೂ ಹೆಚ್ಚುತ್ತಿತ್ತು.

"ನಿಮ್ಮ ಅಂಗಿ ಒಗೆದ್ರೆ ನನ್ನ ಕೈಯೂ ತುರಿಸುತ್ತಲ್ರೀ," ಎಂದಿದ್ದಳು ಹೆಂಡತಿ.

"ಟೆನ್ಶನ್ ಕಣೇ," ಎಂದಿದ್ದ. ಪಾಪ, ಅವಳಿಗೂ ತನ್ನ ಟೆನ್ಶನ್ ಅಂಟಿತಲ್ಲ ಎಂದು ನೊಂದುಕೊಂಡಿದ್ದ.

ಈಗ ಅವಳೇ ಹೊಸ ಕನ್ನಡಕ ಹಿಡಿದು ಬಂದಳು. ಅಷ್ಟರಲ್ಲಿ ಎಣಿಕೆ ಹತ್ತು ಲಕ್ಷ ಮುಟ್ಟಿ ಯಂತ್ರ ಗಕ್ಕನೆ ನಿಂತಿತು. ಮೇಡಂ ಬಗ್ಗಿ ನೋಡಿದರು. ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ.

"ಭೇಷ್ ಕಣ್ರೀ!" ಮೇಡಂ ಅವನ ಬೆನ್ನು ತಟ್ಟಿದರು. ಉರಿ ತಾಳಲಾರದೆ ಅವನು ಎರಡಡಿ ಹಾರಿದ. "ನಾಳೆಯಿಂದ ಈ ವಿಭಾಗಕ್ಕೆ ನೀವೇ ಮುಖ್ಯಸ್ಥರು. ಎಂಥಾ ವಸ್ತು ರೀ ಇದು!"

"ನನ್ನದೇನಿದೆ ಮೇಡಂ, ಎಲ್ಲಾ ಎಳೆಗಳ ಗುಣ," ಎಂದ ಅವನು, ವಿನಯದಿಂದ ಹಲ್ಲು ಕಿರಿಯುತ್ತಾ.

ಕೈಯಲ್ಲಿದ್ದ ಬಿಳಿ ಕಡ್ಡಿಯಿಂದ ಕೊನೆಯದಾಗಿ ಒಮ್ಮೆ ಬೆನ್ನು ಕೆರೆದುಕೊಂಡು, ಹೊಸ ಕನ್ನಡಕ ಏರಿಸಿ, ಇಬ್ಬರಿಗೂ ತೋರಿಸಲೆಂದು ಯಂತ್ರದ ದವಡೆ ಸಡಿಲಿಸಿದ.

ದವಡೆಯಿಂದ ಹೊರಬಂದ ತುದಿಯಲ್ಲಿ, ಬೆನ್ನು ಕೆರೆಯಲೆಂದೇ ಬಿದಿರಿನಲ್ಲಿ ಕೊರೆದ ಐದು ಪುಟ್ಟ ಬೆರಳುಗಳಿದ್ದವು.