ಮೊದಲ ಕುರ್ಚಿ

"ನಾನಲ್ಲ ಕಣ್ರೀ, ದೇವರಾಣೆ ನಾನಲ್ಲ," ಎಂದ ಚೌರಪ್ಪ.

ಚರ್ಚಿನ ಮುಂದೆ ನಿಂತಿದ್ದವರೆಲ್ಲ ಮೆಚ್ಚುಗೆಯಿಂದ ನಕ್ಕರು. "ಅಲ್ಲ ಅಂತಾನೇ ಅನ್ಬೇಕು ಬುಡಪ್ಪ, ಅದೇ ದೊಡ್ಡತನ," ಎಂದಳು ಒಬ್ಬ ಮುದುಕಿ. ಪಕ್ಕದಲ್ಲಿದ್ದ ಇನ್ನಾಸಪ್ಪ ಮೇಷ್ಟ್ರಿಗೆ ಮೈ ಉರಿಯಿತು.

ಅದು ೧೯೭೮ರ, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ. ಕುಣಿಗಲ್ಲಿನ ಆ ಪುಟ್ಟ ಚರ್ಚಿನ ಗೋಪುರದಲ್ಲಿ ಸೇರಿಕೊಂಡ ಪಾರಿವಾಳಗಳು ಕಲ್ಲುಮೆಟ್ಟಿಲನ್ನೆಲ್ಲ ಹೊಲಸು ಮಾಡುತ್ತಿದ್ದವು. ಭಾನುವಾರ ಬೆಳಗಾದರೆ ಮಾತ್ರ ಮೆಟ್ಟಿಲು ಕನ್ನಡಿಯಂತೆ. ತಿಕ್ಕಿ ತೊಳೆದವರನ್ನು ಕಂಡವರಿಲ್ಲ. ಗುಬ್ಬಿಯಿಂದ ವರ್ಗವಾಗಿ ಬಂದು, ಚರ್ಚಿನ ಪಕ್ಕದಲ್ಲೇ ಮನೆ ಹಿಡಿದಿದ್ದ ಲೈನ್‌ಮನ್ ಚೌರಪ್ಪನೇ ಇರಬೇಕೆಂದು ಜನ ತೀರ್ಮಾನಿಸಿದರು. ಅವನು ಅಲ್ಲವೆಂದಷ್ಟೂ ತೀರ್ಮಾನ ಗಟ್ಟಿಯಾಯಿತು.

ಚರ್ಚಿನ ಗುರುಗಳೂ ಪೂಜೆಯಲ್ಲಿ ಸಾರಿಬಿಟ್ಟರು. ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರ ತಾವು ಪಾದ ತೊಳೆಯುವ ಹನ್ನೆರಡು ಮಂದಿಯಲ್ಲಿ ಮೊದಲ ಕುರ್ಚಿ ಈ ಸಲ ಚೌರಪ್ಪನದು.

ಆ ಕುರ್ಚಿ ವರ್ಷಾನುವರ್ಷದಿಂದ ಇನ್ನಾಸಪ್ಪನವರದಾಗಿತ್ತು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಮಾತು ಖಾರ. ಈಗ ಅವರನ್ನು ಕೊನೆಯ ಕುರ್ಚಿಗೆ ತಳ್ಳಿದ್ದರು. ಯಾರಿಗೂ ಅಯ್ಯೋ ಅನ್ನಿಸಲಿಲ್ಲ. ಈಚೆಗೆ ಪೂಜೆಯಲ್ಲಿ ಎಲ್ಲರೂ ಮೊಣಕಾಲೂರಿದರೂ ಮೇಷ್ಟ್ರು ಬೆಂಚಿನ ಮೇಲೆ ಕೂತೇ ಇರುತ್ತಿದ್ದರು. "ಮೇಷ್ಟ್ರ ಮೊಣಕಾಲು ದೇವರ ಮುಂದೂ ಬಗ್ಗಲ್ಲ," ಎಂದು ಹಿಂದಿನ ಸಾಲಿನವರು ಅವರಿಗೆ ಕೇಳಿಸುವಂತೆಯೇ ಆಡಿಕೊಂಡರು.

ಮನೆಯಲ್ಲಿ ಹೆಂಡತಿ ಲೂರ್ದಮ್ಮನ ಗೋಳೇ ಬೇರೆ. "ಒಲೆ ಬೂದೀನೂ ಕಾಣೆಯಾಗ್ತದೆ ಕಣ್ರೀ. ಪಾತ್ರೆ ತಿಕ್ಕಕ್ಕೆ ಒಂದು ಹಿಡೀನೂ ಇಲ್ಲ."

"ನನ್ನೇನು ಕೇಳ್ತೀಯ? ಬೆಕ್ಕನ್ನ ಕೇಳು," ಎಂದು ಸಿಡುಕಿ ಮೇಷ್ಟ್ರು ನೇರ ಗುರುಗಳ ಮನೆಗೆ ನಡೆದರು.

"ಚೌರಪ್ಪ ಅಲ್ಲ ಫಾದರ್. ಖಚಿತವಾಗಿ ಗೊತ್ತು ನನಗೆ."

"ಮತ್ಯಾರು?"

ತರಗತಿಯಲ್ಲಿ ಮಾತುಮಾತಿಗೂ ಪುರಾವೆ ಕೇಳುವ ಮೇಷ್ಟ್ರು ಪುರಾವೆಯ ಮಾತೇ ಎತ್ತದೆ ಹೊರಡಲು ತಿರುಗಿದರು.

ಗುರುಗಳು ನಿಟ್ಟುಸಿರಿಟ್ಟರು. "ಹೊಟ್ಟೆಕಿಚ್ಚು ಒಳ್ಳೇದಲ್ಲ ಮೇಷ್ಟ್ರೇ. ಪಾಪನಿವೇದನೆಗೆ ಬನ್ನಿ."

ಗುರುವಾರ ಮಧ್ಯಾಹ್ನ ಮೆಟ್ಟಿಲ ತುಂಬ ಹಿಕ್ಕೆ. ಚೌರಪ್ಪ ಸೈಕಲ್ ಹಿಡಿದು ಅದನ್ನೇ ನೋಡುತ್ತ ನಿಂತಿದ್ದ.

"ಏನಪ್ಪ ಪುಣ್ಯಾತ್ಮ, ಇವತ್ತು ತೊಳೆಯಲ್ವಾ?" ಎಂದರು ಮೇಷ್ಟ್ರು.

"ಯಾಕೆ ಚುಚ್ತೀರಾ ಸಾ. ಅತ್ಲಾಗೆ ಲೈನ್ ಕಿತ್ತೋಗದೆ, ನಾನು ಈಗ್ಲೇ ಹೋಗ್ಬೇಕು. ಸಂಜೆ ಇದನ್ನ ನೋಡಿ ಜನ ಹೆಂಡ್ತಿ ಮಕ್ಕಳ ಮುಂದೇನೇ ನನ್ನ ಮುಖಕ್ಕೆ ಉಗೀತಾರೆ."

"ಉಗೀಲಿ," ಎಂದು ಮೇಷ್ಟ್ರು ಮನೆಯ ಕಡೆ ಬಿರಬಿರನೆ ನಡೆದರು.

ಸಂಜೆ ಜನ ಸೇರುವ ಹೊತ್ತಿಗೆ ಮೆಟ್ಟಿಲು ಫಳಫಳ ಹೊಳೆಯುತ್ತಿತ್ತು. ಎಲ್ಲರೂ ಚೌರಪ್ಪನಿಗೆ ಕೈಮುಗಿದರು. ಅವನು ಬೆಪ್ಪಾಗಿ ಮೆಟ್ಟಿಲನ್ನೂ ಜನರನ್ನೂ ನೋಡಿದ. "ನಾನಲ್ಲ," ಎಂದು ತೊದಲಿದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಗುರುಗಳ ಮುಂದೆ ಕೊಳಕು ಕಾಲು ಚಾಚಬಾರದೆಂದು ಮನೆಯಲ್ಲೇ ಸೋಪು ಹಾಕಿ ಉಜ್ಜಿಕೊಂಡು ಬರುವುದು ಅಲ್ಲಿನ ರೂಢಿ. ಹಾಗಾಗಿ ಹನ್ನೊಂದು ಮಂದಿಯ ಪಾದ ತೊಳೆದರೂ ಬೋಗುಣಿಯ ನೀರು ತಿಳಿಯಾಗಿಯೇ ಇತ್ತು. ಮೇಷ್ಟ್ರು ಎಲ್ಲರಿಗಿಂತ ತಡವಾಗಿ, ಏದುಸಿರು ಬಿಡುತ್ತ ಬಂದು ಕೊನೆಯ ಕುರ್ಚಿಯಲ್ಲಿ ಕುಸಿದಿದ್ದರು.

ಗುರುಗಳು ಅವರ ಮುಂದೆ ಮೊಣಕಾಲೂರಿ ನೀರು ಸುರಿದರು. ಬೆರಳುಗಳ ಸಂದಿಯಿಂದ ಒಲೆಬೂದಿ ಕರಗಿ ಇಳಿಯಿತು. ಬೋಗುಣಿ ಬಗ್ಗಡವಾಯಿತು. ಮೇಷ್ಟ್ರ ಪಂಚೆಯಲ್ಲಿ, ಎರಡು ಮೊಣಕಾಲುಗಳ ಮೇಲೆ, ಇನ್ನೂ ಆರದ ಒದ್ದೆ ಗುರುತು. ಗುರುಗಳ ಕೈ ನಿಂತಿತು. ಅವರು ನಿಧಾನವಾಗಿ ತಲೆಯೆತ್ತಿದರು.

"ನಾನಲ್ಲ," ಎಂದರು ಇನ್ನಾಸಪ್ಪ ಮೇಷ್ಟ್ರು.